ಖಾತೆ ತೆರೆಯಲು ಬಂದವರು ಎಲ್ಲಿ ನಿಂತರು?

ಜಿಲ್ಲೆಯೊಂದರಲ್ಲಿ ಹಲವು ಶಾಖೆಗಳಿರುವ ಬ್ಯಾಂಕೊಂದನ್ನು ಊಹಿಸಿಕೊಳ್ಳಿ. ಜೂನ್‌ನಲ್ಲಿ ದಿನಕ್ಕೆ 40 ಹೊಸ ಉಳಿತಾಯ ಖಾತೆಗಳು. ಆಗಸ್ಟ್‌ನಲ್ಲಿ ದಿನಕ್ಕೆ ಬರೀ 8. ಮೇಲಧಿಕಾರಿ ತಲೆಯ ಮೇಲೆ ಕೈಹೊತ್ತು ಕೂರುತ್ತಾರೆ. ಎದುರಿನ ಬ್ಯಾಂಕು ಬಡ್ಡಿ ಏರಿಸಿತೆ? ಜಾಹೀರಾತು ಸಾಲದೆ ಹೋಯಿತೆ? ಗುಮಾಸ್ತರು ಜನರ ಮೇಲೆ ಸಿಡುಕಿದರೆ? ನಾಡಿ ಹಿಡಿಯುವ ಮೊದಲೇ ಮಾತ್ರೆ ಕೊಡುವ ವೈದ್ಯರುಂಟೆ? (ಉಂಟು ಎನ್ನುವವರೂ ಇದ್ದಾರೆ, ಆ ಮಾತು ಬೇರೆ.)

ಮೊದಲು ನೋಡಬೇಕಾದದ್ದು, ಇಳಿಕೆ ನಿಜವೇ ಎಂಬುದನ್ನು. ಜೂನ್ ಶಾಲೆ ಕಾಲೇಜು ಆರಂಭದ ಕಾಲ. ವಿದ್ಯಾರ್ಥಿವೇತನಕ್ಕೆ ಖಾತೆ ಬೇಕು, ಆದ್ದರಿಂದ ನೂಕುನುಗ್ಗಲು ಸಹಜ. ಆಗಸ್ಟನ್ನು ಹಿಂದಿನ ವರ್ಷದ ಆಗಸ್ಟ್ ಜೊತೆಗೇ ತೂಗಬೇಕು. ಆಗ ದಿನಕ್ಕೆ 28 ಖಾತೆ ಆಗಿದ್ದರೆ ನಿಜವಾದ ನಷ್ಟ 32 ಅಲ್ಲ, 20.

ಇನ್ನು ಆ ಸಂಖ್ಯೆಯನ್ನು ಬಿಡಿಸಬೇಕು. ಕಳೆದ ವರ್ಷ ತಿಂಗಳ 25 ಕೆಲಸದ ದಿನಗಳಲ್ಲಿ 1000 ಮಂದಿ ಅರ್ಜಿ ಹಿಡಿದರು, 800 ಮಂದಿ ದಾಖಲೆ ಕೊಟ್ಟರು, 700 ಮಂದಿಗೆ ಖಾತೆ ಆಯಿತು ಎನ್ನಿ. ಈ ವರ್ಷ ಅದೇ ಲೆಕ್ಕ 990, 790, 200. ಬಾಗಿಲಿಗೆ ಬಂದವರು ಕಡಿಮೆಯಾಗಿಲ್ಲವಲ್ಲ! ಜಾಹೀರಾತೂ ಬಡ್ಡಿಯೂ ನಿರಪರಾಧಿಗಳು. ಜನ ನಿಂತದ್ದು ಕೊನೆಯ ಮೆಟ್ಟಿಲಲ್ಲಿ, ಗುರುತು ಖಚಿತಪಡಿಸುವಲ್ಲಿ. ಅಂಕಪಟ್ಟಿಯಲ್ಲಿ ‘ಎಸ್. ಮಂಜುಳಾ’, ಆಧಾರ್‌ನಲ್ಲಿ ‘ಮಂಜುಳಾ ಶಿವಪ್ಪ’. ಊರಿಗೆಲ್ಲ ಒಬ್ಬಳೇ ಆದ ಹುಡುಗಿ ಕಂಪ್ಯೂಟರಿಗೆ ಇಬ್ಬರು. ಅವಳ ವಿದ್ಯಾರ್ಥಿವೇತನದ ಅರ್ಜಿಗೆ ಕೊನೆಯ ದಿನ ಮಾತ್ರ ಕಾಯುವುದಿಲ್ಲ.

ಇಂಥದೇ ಮೆಟ್ಟಿಲು ದೇಶಕ್ಕೆಲ್ಲ ಒಮ್ಮೆಗೇ ಜಾರಿದ್ದುಂಟು. 2016ರ ಡಿಸೆಂಬರ್‌ನಲ್ಲಿ ರಿಸರ್ವ್ ಬ್ಯಾಂಕು, ಮೊಬೈಲಿಗೆ ಬರುವ ಒಟಿಪಿ ಮತ್ತು ಆಧಾರ್ ನಂಬಿ, ಒಂದು ಲಕ್ಷ ರೂಪಾಯಿ ಠೇವಣಿಯ ಮಿತಿಯೊಂದಿಗೆ ಖಾತೆ ತೆರೆಯಲು ಅವಕಾಶ ಕೊಟ್ಟಿತ್ತು. ಮನೆಯಲ್ಲಿ ಕುಳಿತೇ ಖಾತೆ ತೆರೆಯಬಹುದಾಗಿತ್ತು. 2018ರ ಸೆಪ್ಟೆಂಬರ್ 26ರಂದು ಸುಪ್ರೀಂ ಕೋರ್ಟು ಆಧಾರ್ ಕಾಯ್ದೆಯ 57ನೇ ಕಲಮಿನಲ್ಲಿ ಖಾಸಗಿಯವರ ಬಳಕೆಗೆ ಆಸ್ಪದವಿದ್ದ ಭಾಗವನ್ನು ರದ್ದುಮಾಡಿತು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಕಡ್ಡಾಯವಲ್ಲ ಎಂದಿತು. ಈ ದಾರಿ ನಂಬಿದ್ದ ಬ್ಯಾಂಕುಗಳು ಮತ್ತೆ ಕಾಗದಪತ್ರ, ಖುದ್ದು ಭೇಟಿಯತ್ತ ತಿರುಗಬೇಕಾಯಿತು. ಇಂಥ ಕಡೆ ರೋಗದ ಲಕ್ಷಣ ಸ್ಪಷ್ಟ: ಮೊಬೈಲ್ ಮೂಲಕ ಬರುವವರು ಎಲ್ಲ ರಾಜ್ಯಗಳಲ್ಲೂ ಒಂದೇ ವಾರದಲ್ಲಿ ಕುಸಿಯುತ್ತಾರೆ, ಶಾಖೆಗೆ ಬರುವವರು ಹಾಗೇ ಇರುತ್ತಾರೆ. ಆಗ ಬಡ್ಡಿ ಏರಿಸುವುದು ವ್ಯರ್ಥ ಖರ್ಚು. 2019ರ ಮಾರ್ಚ್‌ನ ಸುಗ್ರೀವಾಜ್ಞೆ, ಗ್ರಾಹಕರು ಸ್ವಇಚ್ಛೆಯಿಂದ ಒಪ್ಪಿದರೆ ಆಧಾರ್ ಬಳಸಲು ದಾರಿ ಮಾಡಿತು. 2020ರ ಜನವರಿಯಲ್ಲಿ ವಿಡಿಯೊ ಮೂಲಕ ಗುರುತು ನೋಡಲೂ ಅನುಮತಿ ಸಿಕ್ಕಿತು.

ಬಡ್ಡಿಯೇ ಕಾರಣವಾಗುವುದಿಲ್ಲವೆಂದಲ್ಲ. 2011ರ ಅಕ್ಟೋಬರ್‌ನಲ್ಲಿ ರಿಸರ್ವ್ ಬ್ಯಾಂಕು ಉಳಿತಾಯ ಖಾತೆಯ ಬಡ್ಡಿಯನ್ನು ಬ್ಯಾಂಕುಗಳಿಗೇ ಬಿಟ್ಟಿತು. ಅದುವರೆಗೆ ಎಲ್ಲೆಡೆ ಶೇ. 4 ಇತ್ತು. ಕೆಲವು ಖಾಸಗಿ ಬ್ಯಾಂಕುಗಳು ಶೇ. 6ರವರೆಗೂ ಹೋದವು. ಆದರೆ ಬಡ್ಡಿಯ ಆಸೆಗೆ ಬೇರೆಡೆ ಹೋಗುವವರು ಅರ್ಜಿಯನ್ನೇ ಕೇಳುವುದಿಲ್ಲ. ಇಳಿಕೆ ಮೊದಲ ಮೆಟ್ಟಿಲಲ್ಲೇ ಕಾಣುತ್ತದೆ.

ಕೆಲವೊಮ್ಮೆ ಇಳಿಕೆಗೆ ಯಾರೂ ಕಾರಣರಲ್ಲ. ವಿಶ್ವಬ್ಯಾಂಕಿನ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಖಾತೆಯಿದ್ದ ವಯಸ್ಕರು 2011ರಲ್ಲಿ ಶೇ. 35, 2014ರಲ್ಲಿ ಶೇ. 53, 2017ರಲ್ಲಿ ಶೇ. 80. ನಡುವೆ, 2014ರ ಆಗಸ್ಟ್ 28ರಂದು ಜನಧನ ಯೋಜನೆ ಬಂದಿತ್ತು. ಮನೆಮನೆಗೂ ಖಾತೆಯಾದ ಊರಿನಲ್ಲಿ ಹೊಸಬರು ಎಲ್ಲಿಂದ ಬರಬೇಕು?

ಅಲ್ಲಿ ಉಳಿಯುವವರು ಮುಖ್ಯವಾಗಿ ಮಕ್ಕಳು. ಹತ್ತು ವರ್ಷ ತುಂಬಿದವರು ತಾವೇ ಉಳಿತಾಯ ಖಾತೆ ತೆರೆದು ನಡೆಸಲು ರಿಸರ್ವ್ ಬ್ಯಾಂಕು 2014ರಲ್ಲೇ ಅವಕಾಶ ನೀಡಿದೆ, 2025ರ ಪರಿಷ್ಕೃತ ಸೂಚನೆಯಲ್ಲೂ ಅದು ಉಳಿದಿದೆ. ಹಣದ ಮಿತಿಯನ್ನು ಆಯಾ ಬ್ಯಾಂಕು ನಿಗದಿಪಡಿಸುತ್ತದೆ. ಹೋಗುವ ಮೊದಲು ಪಾಲಕರು ಮಗುವಿನ ದಾಖಲೆಗಳಲ್ಲಿ ಇನಿಷಿಯಲ್ ಒಂದೇ ರೀತಿ ಇದೆಯೇ ಎಂದು ನೋಡಿಕೊಂಡರೆ ಒಂದು ಓಡಾಟ ಉಳಿದೀತು.