ಒಂದು ಮೂಗಿಗೆ ಆರು ತಿಂಗಳು

ನೀಟ್ ಪರೀಕ್ಷೆ ಮುಗಿಸಿ ಗೇಟು ದಾಟಿದ ಅಣ್ಣನ ಮಗಳು ಫಿಸಿಕ್ಸ್ ಹೇಗಿತ್ತೆಂದು ಹೇಳಲಿಲ್ಲ. ‘ಅತ್ತೆ, ಇನ್ನು ಮೂಗು ಚುಚ್ಚಿಸಬಹುದು ತಾನೇ?’ ಎಂದಳು. ಎರಡು ವರ್ಷದಿಂದ ಅದುಮಿಟ್ಟ ಆಸೆ. ಆ ಪರೀಕ್ಷೆಗೆ ಒಡವೆ ಹಾಕಿಕೊಂಡು ಹೋಗುವಂತಿಲ್ಲ. ಉಂಗುರ, ಓಲೆ, ಸರದ ಜೊತೆಗೆ ಮೂಗುಬೊಟ್ಟನ್ನೂ ಹೆಸರು ಹಿಡಿದೇ ಬೇಡವೆಂದಿದ್ದಾರೆ. ಹಳೆಯ ತೂತಾದರೆ ಬೆಳಿಗ್ಗೆ ಬಿಚ್ಚಿಟ್ಟು ಸಂಜೆ ತಿರುಪಿಕೊಳ್ಳಬಹುದು. ಹೊಸ ತೂತಿಗೆ ಆ ಸೈರಣೆಯಿಲ್ಲ. ಬೊಟ್ಟು ತೆಗೆದ ಕೆಲವೇ ಗಂಟೆಗಳಲ್ಲಿ ಅದು ಮುಚ್ಚಿಕೊಳ್ಳಲು ಶುರುಮಾಡುತ್ತದೆ. ಅದಕ್ಕೇ ಮನೆಯವರೆಲ್ಲ ಸೇರಿ ಅವಳ ಮೂಗನ್ನು ಮೇ ತಿಂಗಳವರೆಗೆ ಮುಂದೂಡಿದ್ದರು.

ಮೂಗು ಚುಚ್ಚಿಸುವುದೆಂದರೆ ನನ್ನ ಅಮ್ಮನಿಗೆ ಮೈಸೂರಿನ ಅಶೋಕ ರಸ್ತೆಯ ಪಕ್ಕದ ಸಂದಿಯಲ್ಲಿ ಕೂರುವ ಆಚಾರ್ರು. ಬೇರೆ ವಿಳಾಸ ಅವಳಿಗೆ ಗೊತ್ತಿಲ್ಲ. ಮಾರನೆಯ ಬೆಳಿಗ್ಗೆ ರೇಷ್ಮೆ ಸೀರೆಯುಟ್ಟು, ಕುಂಕುಮದ ಭರಣಿಯಷ್ಟು ಪುಟ್ಟ ಡಬ್ಬಿಯೊಂದನ್ನು ಸೆರಗಿನ ತುದಿಗೆ ಗಂಟುಹಾಕಿಕೊಂಡು ಆಟೋದಲ್ಲಿ ಎಲ್ಲರಿಗಿಂತ ಮೊದಲು ಕೂತಳು. ಡಬ್ಬಿಯಲ್ಲಿದ್ದದ್ದು ಅವಳ ವಜ್ರದ ಬೇಸರಿ.

ಅಂಗಡಿಯೆಂದರೆ ಮೂರು ಜನ ಕೂತರೆ ನಾಲ್ಕನೆಯವರು ರಸ್ತೆಯಲ್ಲಿರಬೇಕು. ಇದ್ದಿಲ ಮಸಿ ಹಿಡಿದ ಗೋಡೆ, ಊದುಕೊಳವೆ, ಸಾಲಾಗಿ ಇಕ್ಕಳ, ಅರ, ಚಿಮಟ. ಗುಲಗಂಜಿ ಇರಬಹುದಾಗಿದ್ದ ಜಾಗದಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಡಿಜಿಟಲ್ ತಕ್ಕಡಿ. ಕ್ಯಾಲೆಂಡರಿನಲ್ಲಿ ಸರಸ್ವತಿ ಫಳಫಳ ಹೊಳೆಯುವ ಮೂಗುಬೊಟ್ಟು ತೊಟ್ಟು ವೀಣೆ ಹಿಡಿದು ಕೂತಿದ್ದಳು. ನನಗೆ ಬೇಲೂರಿನ ಮದನಿಕೆಯರು ನೆನಪಾದರು. 12ನೆಯ ಶತಮಾನದ ಆ ಶಿಲ್ಪಿಗಳು ಬಳೆಯ ಮೇಲಿನ ಕುಸುರಿಯನ್ನೂ ಕಲ್ಲಿನಲ್ಲಿ ಬಿಡಿಸಿಟ್ಟವರು, ಆದರೆ ಆ ಹೆಂಗಸರ ಮೂಗು ಬರಿದು. ಮೂಗಿನ ಒಡವೆ ಭಾರತದಲ್ಲಿ ಅಷ್ಟೇನೂ ಪುರಾತನವಲ್ಲ, ನಮ್ಮ ಹಳೆಯ ಶಿಲ್ಪಗಳಲ್ಲಿ ಅದು ಕಾಣಿಸುವುದಿಲ್ಲ ಎಂದು ವಿದ್ವಾಂಸ ಪಿ.ಕೆ. ಗೋಡೆ ವಾದಿಸಿದ್ದರು. ಇದನ್ನು ಅಮ್ಮನಿಗೆ ಹೇಳುವ ಧೈರ್ಯ ಮಾಡಲಿಲ್ಲ. ಅವಳ ಪ್ರಕಾರ ಸೀತೆಗೂ ಮೂಗುತಿ ಇತ್ತು.

‘ಚುಚ್ಚೋದು ಬಿಟ್ಟುಬಿಟ್ಟೆ ಅಮ್ಮಾವ್ರೇ,’ ಎಂದರು ಆಚಾರ್ರು, ಎರಡೂ ಕೈ ಮುಂದೆ ಚಾಚಿ. ಬೆರಳು ಸಣ್ಣಗೆ ನಡುಗುತ್ತಿತ್ತು. ‘ಮೂಗು ಕಿವಿ ಥರ ಅಲ್ಲ. ಒಂದು ಎಳ್ಳಷ್ಟು ಆಚೆ ಈಚೆ ಆದ್ರೂ ಜೀವನಪೂರ್ತಿ ಕಾಣತ್ತೆ.’

ಹೇಗೆ ಚುಚ್ಚುತ್ತಿದ್ದಿರಿ ಎಂದು ಹುಡುಗಿ ಕೇಳಿದಳು. ಮುದುಕರ ಮುಖ ಅರಳಿತು. ಎಳೆಯಂಥ ಚಿನ್ನದ ತಂತಿ, ತುದಿಯನ್ನು ಅರದಲ್ಲಿ ತಿಕ್ಕಿ ಮುಳ್ಳಿನಂತೆ ಮಾಡಿ, ಬೆಂಕಿಗೆ ಹಿಡಿದು, ಕೊಬ್ಬರಿ ಎಣ್ಣೆಗೆ ಅದ್ದಿ ಇಟ್ಟುಕೊಳ್ಳುವುದು. ‘ಆಮೇಲೆ ಮಾತು. “ಏನಮ್ಮ, ನಿಮ್ಮನೆ ಹಸು ಕರು ಹಾಕ್ತಾ?” ಅಂತ ಕೇಳೋದು. ಮಗು ಉತ್ತರ ಯೋಚಿಸೋಷ್ಟರಲ್ಲಿ ತಂತಿ ಆಚೆ ಬಂದಿರ್ಬೇಕು. ತುದಿ ಬಗ್ಗಿಸಿ ಕತ್ತರಿಸಿದರೆ ಆಯ್ತು.’ ಅಮ್ಮನೂ ಸೇರಿಕೊಂಡಳು. ಅವಳಿಗೆ ಚುಚ್ಚಿದಾಗ ಏಳು ವರ್ಷವಂತೆ. ಚಿನ್ನ ಮಾಡಿಸುವವರೆಗೆ ತೂತು ಮುಚ್ಚದಿರಲಿ ಎಂದು ಬೇವಿನ ಕಡ್ಡಿ ಸಿಕ್ಕಿಸಿದ್ದರಂತೆ. ‘ಚಿನ್ನ ಬರೋಕೆ ಎರಡು ಸುಗ್ಗಿ ಆಯ್ತು,’ ಎಂದಳು.

ಆಚಾರ್ರು ಬೇಸರಿಯನ್ನು ಬೆಳಕಿಗೆ ಹಿಡಿದು ನೋಡಿ ತಲೆಯಾಡಿಸಿದರು. ಕಲ್ಲು ಚೆನ್ನಾಗಿದೆ, ಆದರೆ ಹಿಂದಿನ ತಿರುಪಿನ ಕಂಬಿ ದಪ್ಪ, ಹಸಿ ಗಾಯಕ್ಕೆ ಇದು ಭಾರ, ಮಾಗಿದ ಮೇಲೆ ನೋಡೋಣ. ಅಮ್ಮ ಡಬ್ಬಿ ಮುಚ್ಚಲಿಲ್ಲ. ಅದು ಅವಳ ತವರು ಕೊಟ್ಟದ್ದು, ಅಪ್ಪ ಯಾವ ಕಷ್ಟಕಾಲದಲ್ಲೂ ಕೇಳದೇ ಇದ್ದದ್ದು. ಪುರಂದರದಾಸರ ಕಥೆಯ ತಿರುವು ನಿಂತಿರುವುದೂ ಇಂಥದೇ ಒಡವೆಯ ಮೇಲೆ. ಮುಂದೆ ದಾಸರಾದ ಜಿಪುಣ ಶ್ರೀನಿವಾಸ ನಾಯಕನ ಮನೆಯಲ್ಲಿ ಬೇಡಿ ಬಂದ ಬ್ರಾಹ್ಮಣನಿಗೆ ಅವನ ಹೆಂಡತಿ ಕೊಡಬಹುದಾಗಿದ್ದದ್ದು ತವರಿನ ಮೂಗುತಿಯೊಂದೇ. ಬ್ರಾಹ್ಮಣ ಅದನ್ನೇ ತಂದು ನಾಯಕನ ಅಂಗಡಿಯಲ್ಲಿ ಅಡವಿಡಲು ನಿಂತ. ಮನೆಗೆ ಬಂದು ಮೂಗುತಿ ಎಲ್ಲಿ ಎಂದು ನಾಯಕ ಕೇಳಿದಾಗ, ಹೆಂಡತಿ ವಿಷ ಕುಡಿಯಲು ಎತ್ತಿದ ಬಟ್ಟಲಿಗೆ ಅದೇ ಮೂಗುತಿ ಬಿತ್ತು ಎನ್ನುತ್ತದೆ ಐತಿಹ್ಯ. ಕೀರ್ತನಕಾರರು ಇದನ್ನು ದೇವರ ಪವಾಡವೆಂದು ಹೇಳುತ್ತಾರೆ. ಮನೆಯ ತಿಜೋರಿಯಷ್ಟೂ ಅವನದು, ಅವಳದೆನ್ನುವುದು ಮೂಗಿನ ತುದಿಯ ಒಂದು ಗುಲಗಂಜಿ ಚಿನ್ನ ಮಾತ್ರ. ನನ್ನ ಕಣ್ಣು ಯಾವಾಗಲೂ ಅಲ್ಲೇ ನಿಲ್ಲುತ್ತದೆ.

ಆಚಾರ್ರ ಅಂಗಡಿಯಿಂದ ನಾನು ಹೇಳಿದ ಚುಚ್ಚುವ ಸ್ಟುಡಿಯೋ ಕಡೆ ಹೊರಟಾಗ ಎಡವೋ ಬಲವೋ ಎಂಬ ವ್ಯಾಜ್ಯ ಆಟೋದಲ್ಲಿ ಶುರುವಾಯಿತು. ಅಮ್ಮ ಬಲ ಎಂದಳು. ನಾನು ಹೆರಿಗೆ ನೋವು ಕಡಿಮೆಯಾಗಲು ಎಡ ಎಂದು ಯಾರೋ ಹೇಳಿದ್ದನ್ನು ಹೇಳಿ ಬೈಸಿಕೊಂಡೆ. ಹುಡುಗಿ ಫೋನ್ ತೆಗೆದು ಎರಡೂ ಕಡೆ ಚಿತ್ರ ತೆಗೆದುಕೊಂಡಳು, ಆಮೇಲೆ ಸೆಲ್ಫಿಯಲ್ಲಿ ಎಡ ಬಲವಾಗಿರುವುದು ಗೊತ್ತಾಗಿ ಮೊದಲಿನಿಂದ ಶುರುಮಾಡಿದಳು. ‘ಎಂ.ಎಸ್. ಸುಬ್ಬುಲಕ್ಷ್ಮಿಗೆ ಎರಡೂ ಕಡೆ ಇತ್ತು,’ ಎಂದು ಅಮ್ಮ ರಾಜಿಗೆ ಬಂದಳು. ಕೊನೆಗೆ ಎಡವೇ ಗೆದ್ದಿತು.

ಕಾಳಿದಾಸ ರಸ್ತೆಯ ಕಡೆ, ಮಹಡಿ ಮೇಲೊಂದು ಕೋಣೆ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಹಾಗೆ ವಾಸನೆ. ಚುಚ್ಚುವವಳು ಇಪ್ಪತ್ತೈದು ದಾಟಿರದ ಹುಡುಗಿ. ಅವಳ ಮೂಗಿನ ನಡುವೆ ಬುಲಾಕು ತೂಗುತ್ತಿತ್ತು. ಅಮ್ಮನಿಗೆ ತಟ್ಟನೆ ವಿಶ್ವಾಸ ಬಂತು. ‘ನಮ್ಮ ಸೋದರತ್ತೆಗೂ ಇತ್ತು ಕಣೇ,’ ಎಂದಳು.

ನಾನು ಇಲ್ಲಿಗೇ ಬರಬೇಕೆಂದು ಹಟ ಹಿಡಿದದ್ದಕ್ಕೆ ಕಾರಣ ನನ್ನದೇ ಮೂಗು. ಕಾಲೇಜಿನಲ್ಲಿದ್ದಾಗ ಒಂದು ಅಂಗಡಿಯಲ್ಲಿ ಗನ್ ಹೊಡೆಸಿಕೊಂಡಿದ್ದೆ. ಟಪ್ ಎಂದ ಸದ್ದು, ಒಂದು ವಾರಕ್ಕೆ ಮೂಗು ಬೋಂಡಾದಂತೆ ಊದಿತು, ಬೊಟ್ಟು ಮಾಂಸದೊಳಗೆ ಮುಳುಗಿತು, ಡಾಕ್ಟರು ತೆಗೆದರು. ಗನ್ನು ಮೊಂಡು ಬೊಟ್ಟನ್ನೇ ಬಲವಂತವಾಗಿ ನುಗ್ಗಿಸುತ್ತದೆ, ಮೃದ್ವಸ್ಥಿ ಜಜ್ಜಿಹೋಗುತ್ತದೆ. ಪ್ಲಾಸ್ಟಿಕ್ ಭಾಗಗಳಿರುವುದರಿಂದ ಅದನ್ನು ಆಟೋಕ್ಲೇವಿನಲ್ಲಿ ಬೇಯಿಸಲೂ ಆಗುವುದಿಲ್ಲ. ಇಲ್ಲಿನದು ಟೊಳ್ಳು ಸೂಜಿ, ಒಬ್ಬರಿಗೆ ಒಂದೇ, ದಪ್ಪ 0.8 ಮಿಲಿಮೀಟರ್. ಅದು ತನ್ನ ದಾರಿಯನ್ನು ಕತ್ತರಿಸಿಕೊಂಡು ಹೋಗುತ್ತದೆ. ಪೊಟ್ಟಣವನ್ನು ನಮ್ಮ ಕಣ್ಣೆದುರೇ ಒಡೆದಳು. ಒಡೆಯದಿದ್ದರೆ ಎದ್ದು ಬರಬೇಕೆಂದು ಮನೆಯಲ್ಲೇ ಹೇಳಿಕೊಟ್ಟಿದ್ದೆ; ಹೆಪಟೈಟಿಸ್ ಬಿ ಮತ್ತು ಸಿ ಹರಡಲು ಒಂದು ಹಳೆಯ ಸೂಜಿ ಸಾಕು.

ನೇರಳೆ ಮಸಿಯಲ್ಲಿ ಒಂದು ಚುಕ್ಕೆ. ಕನ್ನಡಿ. ಹುಡುಗಿ ‘ಇನ್ನೂ ಸ್ವಲ್ಪ ಮೇಲೆ’ ಎಂದಳು. ಒರೆಸಿ ಮತ್ತೆ ಚುಕ್ಕೆ. ಇದು ನಾಲ್ಕು ಸಲ ನಡೆಯಿತು, ಚುಚ್ಚುವವಳು ಒಮ್ಮೆಯೂ ಬೇಸರಿಸಲಿಲ್ಲ. ‘ಉಸಿರು ಎಳ್ಕೊಳಿ... ಬಿಡಿ.’ ಬಿಡುವಾಗ ಸೂಜಿ ಹೋಯಿತು. ಸದ್ದಿಲ್ಲ. ಎಡಗಣ್ಣೊಂದರಲ್ಲೇ ನೀರು ದಳದಳ ಸುರಿಯಿತು, ಬಲಗಣ್ಣು ಒಣಗಿಯೇ ಇತ್ತು. ‘ಅಳ್ತಾ ಇಲ್ಲ ಅಜ್ಜಿ, ತಾನಾಗೇ ಬರ್ತಿದೆ!’ ಎನ್ನುತ್ತ ಹುಡುಗಿ ನಕ್ಕಳು. ನಿಜವೇ. ಮೂಗಿನ ನರ ಕೆರಳಿದರೆ ಕಣ್ಣು ತನ್ನಷ್ಟಕ್ಕೆ ತೊಟ್ಟಿಕ್ಕುತ್ತದೆ, ದುಃಖಕ್ಕೂ ಅದಕ್ಕೂ ಸಂಬಂಧವಿಲ್ಲ. ಆಮೇಲೆ ಎರಡು ಸೀನು. ರಕ್ತ ಒಂದು ಹನಿ, ಅಷ್ಟೆ. ಸೂಜಿಯ ಬೆನ್ನಿಗೇ ಟೈಟೇನಿಯಂ ಬೊಟ್ಟು ಕೂತಾಗಿತ್ತು. ನಿಕಲ್ ಬೆರೆತ ಅಗ್ಗದ ಲೋಹ ಹಲವರ ಚರ್ಮಕ್ಕೆ ಆಗದು, ಅದಕ್ಕೆ ಇದು. ಚಿನ್ನವಲ್ಲ ಎಂದು ತಿಳಿದಾಗ ಅಮ್ಮನ ಮುಖ ಸಣ್ಣದಾಯಿತು.

ಚುಚ್ಚಲು ಒಂದು ಕ್ಷಣ, ಉಪದೇಶಕ್ಕೆ ಇಪ್ಪತ್ತು ನಿಮಿಷ. ತಿರುಗಿಸಬೇಡಿ, ಮುಟ್ಟಲೇಬೇಡಿ. ಒಂದು ಲೋಟ ಕಾಯಿಸಿ ಆರಿಸಿದ ನೀರಿಗೆ ಕಾಲು ಚಮಚ ಉಪ್ಪು, ದಿನಕ್ಕೆ ಎರಡು ಹೊತ್ತು ಒದ್ದೆ ಮಾಡಿ. ಬೊಟ್ಟಿನ ಸುತ್ತ ಬಿಳಿ ಹಳದಿ ಹೊಪ್ಪಳಿಕೆ ಕಟ್ಟುತ್ತದೆ, ಕೀವಲ್ಲ, ಉಗುರಲ್ಲಿ ಕೀಳಬೇಡಿ. ಕೆಂಪು ಹರಡಿದರೆ, ಜ್ವರ ಬಂದರೆ, ಹಸಿರು ಕೀವು ಕಂಡರೆ ಬೊಟ್ಟು ಕಿತ್ತುಕೊಳ್ಳದೆ ಡಾಕ್ಟರ ಹತ್ತಿರ ಓಡಿ. ಕಿತ್ತರೆ ಬಾಯಿ ಮುಚ್ಚಿ ಕೀವು ಒಳಗೇ ಉಳಿಯುತ್ತದೆ. ಅಮ್ಮ ಅರಿಶಿನ ಎಂದು ಬಾಯಿ ತೆರೆದಳು. ಚುಚ್ಚಿದವಳು ಬಹಳ ಮರ್ಯಾದೆಯಿಂದ ‘ಬೇಡಜ್ಜಿ, ಪುಡಿ ಒಳಗೆ ಕೂರತ್ತೆ’ ಎಂದಳು.

ನಿಜವಾದ ವೈರಿಗಳನ್ನು ಮಾತ್ರ ಅವಳು ಹೇಳಲಿಲ್ಲ. ಮೊದಲನೆಯದು ಟವೆಲ್ಲು. ಸ್ನಾನ ಮಾಡಿ ಮುಖ ಒರೆಸಿಕೊಂಡ ನಮ್ಮ ಹುಡುಗಿಯ ಕೂಗು ಮೂರನೆಯ ದಿನ ಬೀದಿಗೆ ಕೇಳಿಸಿತು. ಒಂದು ಎಳೆ ಬೊಟ್ಟಿಗೆ ಸಿಕ್ಕಿತ್ತು. ಆಮೇಲೆ ಕುತ್ತಿಗೆ ಬಿಗಿಯಾದ ಟೀ ಶರ್ಟು, ತಲೆದಿಂಬು, ನೆಗಡಿ, ಮುದ್ದಾಡಲು ಬಂದ ಪಕ್ಕದ ಮನೆಯ ಮಗು. ಎರಡನೆಯ ತಿಂಗಳಲ್ಲಿ ಬೊಟ್ಟಿನ ಪಕ್ಕ ಸಾಸಿವೆ ಕಾಳಿನಂಥ ಗುಳ್ಳೆ ಎದ್ದು ಮನೆಯಲ್ಲಿ ದುಗುಡ ಮೂಡಿಸಿತು, ಮುಟ್ಟದೆ ಬಿಟ್ಟಾಗ ಇಳಿಯಿತು. ಮೇಲೆ ನೋಡಿದರೆ ಗಾಯ ಆಗಲೇ ಮಾಗಿದಂತೆ. ಒಳಗೆ ಹಾಗಲ್ಲ. ತೂತು ಎರಡು ಕಡೆಯ ಬಾಯಿಂದ ಒಳಮುಖವಾಗಿ ಚರ್ಮ ಬೆಳೆಸಿಕೊಂಡು ಬರಬೇಕು. ಕಿವಿಯ ಹಾಲೆಗೆ ಆರರಿಂದ ಎಂಟು ವಾರ ಸಾಕಾದರೆ ಮೂಗಿಗೆ ನಾಲ್ಕರಿಂದ ಆರು ತಿಂಗಳು ಬೇಕು.

ಚುಚ್ಚಿಸಿದ ದಿನವೇ ಅಮ್ಮ ಲೆಕ್ಕ ಹಾಕಿದ್ದಳು. ಮನೆಗೆ ಬಂದವಳೇ ಸೆರಗಿನ ಗಂಟು ಬಿಚ್ಚಿ, ಡಬ್ಬಿಯನ್ನು ದೇವರ ಗೂಡಿನ ಮೂಲೆಯಲ್ಲಿಟ್ಟು, ಬೆರಳ ಗೆಣ್ಣು ಎಣಿಸಿದಳು. ಜ್ಯೇಷ್ಠ, ಆಷಾಢ, ಶ್ರಾವಣ, ಭಾದ್ರಪದ. ಆಶ್ವಯುಜಕ್ಕೆ ಬಂದು ನಿಂತಳು.

‘ದಸರಾಗೆ ಹಾಕ್ಕೊಳಕ್ಕಾಗಲ್ವೇನೇ?’

‘ಕಾರ್ತಿಕಕ್ಕೆ, ಅಜ್ಜಿ.’

ಅಮ್ಮ ಆರನೆಯ ಗೆಣ್ಣನ್ನೂ ಮುಟ್ಟಿದಳು.