ಶ್ರಾವಣದ ಪಡಿ, ಲಂಡನ್ನಿನ ಓಟ

32 ಕಿಲೋಮೀಟರ್ ಓಡಿ ಮನೆಗೆ ಬಂದ ದಿನಕ್ಕಿಂತ, ಮೊದಲ ಸಲ ದುಡ್ಡು ಕೇಳಿದ ದಿನ ನನಗೆ ಹೆಚ್ಚು ಸುಸ್ತಾಗಿತ್ತು. ಆಫೀಸಿನ ಗೆಳೆಯರಿಗೆ ಕಳಿಸಬೇಕಿದ್ದದ್ದು ಮೂರೇ ಸಾಲು. ಏಪ್ರಿಲ್‌ನಲ್ಲಿ ಲಂಡನ್ ಮ್ಯಾರಥಾನ್ ಓಡುತ್ತಿದ್ದೇನೆ, ರಕ್ತದ ಕಾಯಿಲೆಯವರಿಗಾಗಿ ಹಣ ಕೂಡಿಸುತ್ತಿದ್ದೇನೆ, ಕೈಲಾದಷ್ಟು ಕೊಡಿ. ಬರೆದೆ, ಅಳಿಸಿದೆ, ಮತ್ತೆ ಬರೆದೆ. ಯಾರ ಮುಂದೆಯೂ ಕೈಚಾಚಬಾರದು ಎಂಬ ಮಾತು ಕೇಳಿಕೊಂಡೇ ಬೆಳೆದವರು ನಾವು. ರಾತ್ರಿ ಹನ್ನೊಂದಾದರೂ ಸಂದೇಶ ನನ್ನ ಫೋನಿನಲ್ಲೇ ಉಳಿದಿತ್ತು.

ಮರುದಿನ ಚನ್ನರಾಯಪಟ್ಟಣಕ್ಕೆ ಫೋನ್ ಮಾಡಿದಾಗ ಅಮ್ಮನಿಗೆ ವಿಷಯ ಹೇಳಿದೆ.

‘ಅಲ್ಲ ಕಣೇ, ಓಡೋಳು ನೀನು, ದುಡ್ಡು ಕೊಡೋರು ಊರೋರಾ? ಇದ್ಯಾವ ಹರಕೆ?’

‘ಶ್ರಾವಣ ಶನಿವಾರ ಪಡಿ ಬೇಡೋಕೆ ಹೋಗ್ತಿದ್ವಲ್ಲಮ್ಮ, ಹಂಗೇ ಅನ್ಕೋ.’

ಅಮ್ಮ ಒಂದು ಗಳಿಗೆ ಸುಮ್ಮನಿದ್ದರು. ‘ಹಂಗಾದ್ರೆ ಯಾಕೆ ನಾಚ್ಕೋತೀಯ? ದೇವರ ಹೆಸರು ಹೇಳಿ ಕೂಗೋದು, ಹಾಕಿದ್ರೆ ಇಸ್ಕೊಳ್ಳೋದು, ಇಲ್ದಿದ್ರೆ ಮುಂದಿನ ಮನೆ. ಕೊಡದೇ ಇದ್ದೋರ ಬಾಗಿಲಲ್ಲಿ ನಿಂತ್ಕೋಬೇಡ, ಅಷ್ಟೇ.’

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತಿರುಪತಿ ಒಕ್ಕಲಿನ ಮನೆಗಳಲ್ಲಿ ಶ್ರಾವಣದ ಶನಿವಾರ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು, ಹಣೆಗೆ ನಾಮ ಇಟ್ಟುಕೊಂಡು, ತಂಬಿಗೆ ಹಿಡಿದು ಹೊರಡುತ್ತಿದ್ದರು. ಅಣ್ಣನ ಹಿಂದೆ ನಾನೂ ಹೋಗುತ್ತಿದ್ದೆ. ಮನೆ ತುಂಬ ಅಕ್ಕಿಯಿದ್ದರೂ ಅವತ್ತು ಬೇಡಲೇಬೇಕು. ಬೇಡಿ ತಂದ ಅಕ್ಕಿಯನ್ನೂ ಸೇರಿಸಿಯೇ ಅಡುಗೆ. ಗೌಡರ ಮನೆಯ ಹುಡುಗನೂ ಕೂಲಿಯವರ ಮನೆಯ ಹುಡುಗನೂ ಒಂದೇ ಬೀದಿಯಲ್ಲಿ ಗೋವಿಂದ ಎನ್ನುತ್ತಾ ನಿಲ್ಲುತ್ತಿದ್ದರು. ತಂಬಿಗೆಗೆ ಅಕ್ಕಿ ಬೀಳುವ ಸದ್ದು ಈಗಲೂ ಕಿವಿಯಲ್ಲಿದೆ. ಅಮ್ಮನ ಜೊತೆ ಮಾತು ಮುಗಿಸಿದ ಮೇಲೆ ಸಂದೇಶ ಕಳಿಸಿದೆ. ಮೊದಲ ಐದು ಪೌಂಡ್ ಬಂದದ್ದು ನಮ್ಮ ಕಟ್ಟಡದ ಕಾವಲುಗಾರರಿಂದ.

ನಾನು ಓಡಲು ಹೊರಟದ್ದಕ್ಕೆ ಕಾರಣವಿತ್ತು. ನಮ್ಮ ಚಿಕ್ಕಪ್ಪನ ಮಗನಿಗೆ ಅಸ್ಥಿಮಜ್ಜೆ ರಕ್ತ ತಯಾರಿಸುವುದನ್ನೇ ನಿಲ್ಲಿಸಿಬಿಡುವ ಕಾಯಿಲೆ, ಅಪ್ಲಾಸ್ಟಿಕ್ ಅನೀಮಿಯಾ. ಬೇರೆಯವರ ಆಕರಕೋಶ (ಸ್ಟೆಮ್ ಸೆಲ್) ಹಾಕಿದರೆ ಬದುಕಬಹುದು ಎಂದರು ಡಾಕ್ಟರು. ಆದರೆ ಅದಕ್ಕೆ ರಕ್ತದ ಗುಂಪು ಹೊಂದಿದರೆ ಸಾಲದು. ಜೀವಕೋಶದ ಮೇಲಿರುವ ಎಚ್‌ಎಲ್‌ಎ ಎಂಬ ಗುರುತು ಹೊಂದಬೇಕು. ಅರ್ಧ ತಾಯಿಯಿಂದ, ಅರ್ಧ ತಂದೆಯಿಂದ ಬರುವ ಗುರುತು ಅದು. ಒಡಹುಟ್ಟಿದವರಲ್ಲಿಯೂ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು ಪಾಲು ಮಾತ್ರ. ಅವನ ಅಕ್ಕನದು ಹೊಂದಲಿಲ್ಲ, ತಮ್ಮನದೂ ಹೊಂದಲಿಲ್ಲ. ಇನ್ನುಳಿದದ್ದು ಗುರುತು ಪರಿಚಯವಿಲ್ಲದ ದಾನಿಗಳ ಪಟ್ಟಿ. ಹನ್ನೊಂದು ತಿಂಗಳು ಕಾದ. ಸಿಗಲಿಲ್ಲ. ಅವನಿಗೆ ಆಗ 23 ವರ್ಷ.

ಇಂಥ ಪಟ್ಟಿಯೊಂದು ಜಗತ್ತಿನಲ್ಲಿ ಮೊದಲು ಶುರುವಾದದ್ದು ಲಂಡನ್ನಿನಲ್ಲಿ, 1974ರಲ್ಲಿ. ಶರ್ಲಿ ನೋಲನ್ ಎಂಬ ತಾಯಿ ತನ್ನ ಮಗ ಆಂಥನಿಗಾಗಿ ದಾನಿಯನ್ನು ಹುಡುಕುತ್ತಾ, ಹುಡುಕುವುದಕ್ಕೊಂದು ಪಟ್ಟಿಯೇ ಇಲ್ಲವೆಂದು ಗೊತ್ತಾದಾಗ ತಾನೇ ಪಟ್ಟಿ ಕಟ್ಟಲು ಕೂತಳು. ಆಂಥನಿಗೆ ಹೊಂದುವವರು ಕಡೆಗೂ ಸಿಗಲಿಲ್ಲ. 1979ರಲ್ಲಿ ಹುಡುಗ ತೀರಿಕೊಂಡ. ಪಟ್ಟಿ ಮಾತ್ರ ಬೆಳೆಯಿತು. ಇವತ್ತು ಆಂಥನಿ ನೋಲನ್ ಎಂಬ ಆ ಸಂಸ್ಥೆಗಾಗಿ ಪ್ರತಿ ವರ್ಷ ನೂರಾರು ಜನ ಓಡುತ್ತಾರೆ. ನಾನೂ ಅದನ್ನೇ ಆರಿಸಿಕೊಂಡೆ. ಒಬ್ಬ ಹೊಸ ದಾನಿಯನ್ನು ಪರೀಕ್ಷಿಸಿ ಪಟ್ಟಿಗೆ ಸೇರಿಸಲು ಸುಮಾರು 40 ಪೌಂಡ್ ಖರ್ಚು ಎಂದು ಸಂಸ್ಥೆ ಹೇಳುತ್ತದೆ. ಈ ಲೆಕ್ಕ ನನ್ನ ತಲೆಯಲ್ಲಿ ಕೂತುಬಿಟ್ಟಿತು. 2,000 ಪೌಂಡ್ ಕೂಡಿದರೆ ಐವತ್ತು ಹೆಸರು. ಆ ಐವತ್ತರಲ್ಲಿ ಯಾರದೋ ಒಬ್ಬರದು ಯಾರ ಮಗನಿಗೋ ಹೊಂದಬಹುದು.

ಲಂಡನ್ ಮ್ಯಾರಥಾನ್ ಶುರುವಾದದ್ದು 1981ರ ಮಾರ್ಚ್ 29ರಂದು. ನ್ಯೂಯಾರ್ಕಿನ ಓಟದಲ್ಲಿ ಓಡಿ ಬಂದ ಕ್ರಿಸ್ ಬ್ರಾಷರ್ ತಮ್ಮೂರಲ್ಲೂ ಅಂಥದ್ದು ಆಗಲಿ ಎಂದು ಗೆಳೆಯ ಜಾನ್ ಡಿಸ್ಲಿ ಜೊತೆ ಸೇರಿ ಮಾಡಿಸಿದ್ದು. ಮೊದಲ ವರ್ಷ ಮುಂದಿದ್ದ ಇಬ್ಬರೂ ಕೈ ಕೈ ಹಿಡಿದು ಗೆರೆ ದಾಟಿದರು. 2026ರ ಓಟಕ್ಕೆ ಚೀಟಿ ಎತ್ತುವ ಸರದಿಗೆ ಅರ್ಜಿ ಹಾಕಿದವರೇ 11 ಲಕ್ಷಕ್ಕೂ ಹೆಚ್ಚು. ಚೀಟಿಯಲ್ಲಿ ಹೆಸರು ಬರದವರಿಗೆ ಇರುವ ದೊಡ್ಡ ದಾರಿ ಸೇವಾಸಂಸ್ಥೆಗಳದು. ಸಂಸ್ಥೆ ಒಂದಿಷ್ಟು ಜಾಗಗಳನ್ನು ಮೊದಲೇ ಕೊಂಡಿರುತ್ತದೆ. ನೀವು ಇಂತಿಷ್ಟು ಹಣ ಕೂಡಿಸುವ ಮಾತು ಕೊಟ್ಟರೆ ಒಂದು ಜಾಗ ನಿಮ್ಮದು. ಸಾಮಾನ್ಯವಾಗಿ 2,000 ಪೌಂಡಿನ ಆಸುಪಾಸು. ಹೀಗೆ ಒಬ್ಬೊಬ್ಬರೂ ಬೇಡಿ ತಂದದ್ದು ಸೇರಿ 2025ರ ಒಂದೇ ದಿನದ ಓಟಕ್ಕೆ 8 ಕೋಟಿ 73 ಲಕ್ಷ ಪೌಂಡ್ ಆಯಿತು.

ಫೌಜಾ ಸಿಂಗ್ ಈ ಓಟಕ್ಕೆ ಬಂದದ್ದೂ ಹಣ ಕೂಡಿಸುವ ದಾರಿಯಿಂದಲೇ. ಜಲಂಧರ್ ಬಳಿಯ ಹಳ್ಳಿಯ ರೈತ, ಓದುಬರಹ ಇಲ್ಲ. ಕಣ್ಣೆದುರೇ ಮಗನನ್ನು ಕಳೆದುಕೊಂಡು, ದುಃಖ ತಡೆಯಲಾರದೆ ಲಂಡನ್ನಿನಲ್ಲಿದ್ದ ಇನ್ನೊಬ್ಬ ಮಗನ ಮನೆಗೆ ಬಂದವರು ಓಡಲು ಹಿಡಿದರು. 2000ದಲ್ಲಿ, 89ನೇ ವಯಸ್ಸಿಗೆ, ಮೊದಲ ಮ್ಯಾರಥಾನ್. ಆರು ಗಂಟೆ ಐವತ್ತನಾಲ್ಕು ನಿಮಿಷ. ಓಡಿದ್ದು ದಿನ ತುಂಬುವ ಮೊದಲೇ ಹುಟ್ಟಿದ ಶಿಶುಗಳಿಗಾಗಿ ದುಡಿಯುವ ಬ್ಲಿಸ್ ಎಂಬ ಸಂಸ್ಥೆಗಾಗಿ. ಅಷ್ಟು ವಯಸ್ಸಾದ ಜೀವ, ಇನ್ನೂ ಕಣ್ಣು ಬಿಡದ ಜೀವಗಳಿಗಾಗಿ ಓಡಿದ್ದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. 2025ರ ಜುಲೈನಲ್ಲಿ ತಮ್ಮ ಹಳ್ಳಿಯ ಬಳಿ ರಸ್ತೆ ದಾಟುವಾಗ ವಾಹನ ಬಡಿದು ತೀರಿಕೊಂಡರು.

ಏಪ್ರಿಲ್ ಕೊನೆಯ ಓಟಕ್ಕೆ ತಯಾರಿ ಜನವರಿಯ ಮೊದಲಲ್ಲೇ ಶುರುವಾಗಬೇಕು. ಹದಿನಾರು ವಾರ. ಅಂದರೆ ಲಂಡನ್ನಿನ ಕೆಟ್ಟ ಚಳಿಯೆಲ್ಲ ಅದರೊಳಗೇ ಬರುತ್ತದೆ. ಬೆಳಿಗ್ಗೆ ಎಂಟಕ್ಕೂ ಸರಿಯಾಗಿ ಬೆಳಕಿಲ್ಲ, ಸಂಜೆ ನಾಲ್ಕಕ್ಕೆ ಮತ್ತೆ ಕತ್ತಲು. ವಾರದ ದಿನ ಸಣ್ಣ ಓಟ, ಭಾನುವಾರ ಉದ್ದದ್ದು. ಹನ್ನೆರಡು, ಹದಿನಾರು, ಇಪ್ಪತ್ತು ಎಂದು ಏರಿಸುತ್ತಾ ಹೋಗಿ 32 ಮುಟ್ಟಿಸಿ, ಕೊನೆಯ ಮೂರು ವಾರ ಇಳಿಸುವುದು. ಲೀ ನದಿಯ ದಂಡೆಯಲ್ಲಿ ಸಾಲುಗಟ್ಟಿ ನಿಂತ ದೋಣಿಮನೆಗಳ ಹೊಗೆಕೊಳವೆಯಿಂದ ಸೌದೆ ಹೊಗೆ ಬರುವಾಗ ನಮ್ಮೂರ ಹಂಡೆ ಒಲೆಯ ನೆನಪಾಗುತ್ತಿತ್ತು. ಒಂಬತ್ತನೇ ವಾರ ಮಂಡಿ ಹಿಡಿದುಕೊಂಡಿತು. ಫಿಸಿಯೋಥೆರಪಿಸ್ಟ್ ಹತ್ತು ದಿನ ಓಡಬೇಡ ಎಂದರು. ಆ ಹತ್ತು ದಿನದಲ್ಲಿ ನಾನು ಬಿಟ್ಟುಬಿಡಬಹುದಿತ್ತು. ಬಿಡಲು ಆಗದಂತೆ ಮಾಡಿದ್ದು ಅಷ್ಟರಲ್ಲಿ ಬಂದಿದ್ದ 640 ಪೌಂಡ್. ಹದಿನಾರು ಹೆಸರು. ಇಸಿದುಕೊಂಡ ಮೇಲೆ ಮಾತು ಉಳಿಸಿಕೊಳ್ಳಬೇಕಲ್ಲ.

ಉಳಿದ ಹಣದ ಬಹುಪಾಲು ಹುಟ್ಟಿದ್ದು ಅಡುಗೆಮನೆಯಲ್ಲಿ. ಇಲ್ಲಿ ಕೇಕ್ ಮಾಡಿ ಮಾರುವುದು ರೂಢಿ. ನಾನು ಕೋಡುಬಳೆ ಕರಿದೆ. ಶುಕ್ರವಾರ ರಾತ್ರಿ ಅಕ್ಕಿಹಿಟ್ಟು, ಹುರಿಗಡಲೆ ಹಿಟ್ಟು, ಕೊಬ್ಬರಿ, ಬ್ಯಾಡಗಿ ಮೆಣಸಿನ ಖಾರ ಕಲಸಿ, ಬಿಸಿ ಎಣ್ಣೆ ಹುಯ್ದು, ಒಂದೊಂದೇ ಹೊಸೆದು ಬಳೆ ಮಾಡಿ ಬಾಣಲೆಗೆ ಬಿಟ್ಟರೆ ಮುಗಿಯುವಷ್ಟರಲ್ಲಿ ನಡುರಾತ್ರಿ. ಎಂಟು ಕೋಡುಬಳೆಯ ಪೊಟ್ಟಣಕ್ಕೆ ಮೂರು ಪೌಂಡ್. ಕನ್ನಡ ಬಳಗದ ಯುಗಾದಿ ಊಟದ ದಿನ ಅರ್ಧ ಗಂಟೆಯಲ್ಲಿ ಎಲ್ಲ ಖಾಲಿ. ಬ್ರಿಟನ್ನಿನಲ್ಲಿ ತೆರಿಗೆ ಕಟ್ಟುವವರು ದಾನ ಕೊಟ್ಟರೆ ಪೌಂಡಿಗೆ 25 ಪೆನ್ಸ್‌ನಂತೆ ಸರ್ಕಾರವೂ ಸಂಸ್ಥೆಗೆ ಸೇರಿಸುತ್ತದೆ, ಗಿಫ್ಟ್ ಏಯ್ಡ್ ಎಂದು. ಒಂದು ಗುರುತು ಹಾಕಿದರೆ ಸಾಕು. ಎಷ್ಟೋ ಜನ ಮರೆಯುತ್ತಾರೆ, ನೆನಪಿಸಬೇಕು.

ಒಂದು ಮಾತು ಕಟುವಾಗಿಯೇ ಹೇಳುತ್ತೇನೆ. ಹಣ ಕೂಡಿಸಿ ದೂರದ ದೇಶಕ್ಕೆ ಓಡಲು ಹೋಗುವ ಪ್ಯಾಕೇಜುಗಳಿವೆ. ಕೂಡಿಸಿದ್ದರಲ್ಲೇ ವಿಮಾನದ ಟಿಕೆಟ್ಟು, ಹೋಟೆಲ್ಲು ಮುರಿದುಕೊಳ್ಳುವ ಏರ್ಪಾಡೂ ಉಂಟು. ಅದು ನನಗೆ ಒಪ್ಪುವುದಿಲ್ಲ. ದೇವರಿಗೆಂದು ಕಟ್ಟಿಟ್ಟ ಮುಡಿಪಿನಿಂದ ಬಸ್ ಚಾರ್ಜಿಗೆ ತೆಗೆದ ಹಾಗೆ. ಪ್ರಯಾಣ, ಬೂಟು, ಊಟ ನಿಮ್ಮ ಜೇಬಿನದ್ದಾಗಲಿ. ಜನ ಕೊಟ್ಟದ್ದು ಇಡಿಯಾಗಿ ರೋಗಿಗಳಿಗೆ ಹೋಗಲಿ. ಕೊಡುವವರೂ ಇದನ್ನು ಬಾಯಿಬಿಟ್ಟು ಕೇಳಬೇಕು, ಕೇಳುವುದರಲ್ಲಿ ತಪ್ಪಿಲ್ಲ.

ಓಟದ ದಿನ ಗ್ರೀನಿಚ್‌ನಿಂದ ಹೊರಟು ಟವರ್ ಬ್ರಿಡ್ಜ್ ದಾಟುವವರೆಗೆ ಹಬ್ಬದ ಹಾಗಿತ್ತು. ಅಂಗಿಯ ಮೇಲಿನ ಹೆಸರು ಓದಿ ಗುರುತಿಲ್ಲದವರು ಕೂಗಿ ಹುರಿದುಂಬಿಸುತ್ತಿದ್ದರು. 30 ಕಿಲೋಮೀಟರ್ ದಾಟಿದ ಮೇಲೆ ಮೈಯಲ್ಲಿ ಕೂಡಿಟ್ಟ ಸಕ್ಕರೆಯಂಶ ಮುಗಿಯುತ್ತದೆ, ಕಾಲು ಕಲ್ಲಾಗುತ್ತದೆ. ಆಗ ನಾನು ನೋಡುತ್ತಿದ್ದದ್ದು ಮುಂದೆ ಓಡುವವರ ಬೆನ್ನು. ಅಮ್ಮನಿಗಾಗಿ ಎಂದು ಒಂದು ಬೆನ್ನು. ನಮ್ಮ ಅಪ್ಪ ಎಂದು ಇನ್ನೊಂದು. 34ನೇ ಕಿಲೋಮೀಟರಿನಲ್ಲಿ ನನ್ನ ಮುಂದೆ ಒಬ್ಬ ದಪ್ಪನೆಯ ಮನುಷ್ಯ, ಬೆನ್ನಿಗೆ ಮಗುವಿನ ಫೋಟೊ, ಕೆಳಗೆ ಎರಡು ತಾರೀಖು. ನಡುವಿನ ಅಂತರ ಆರು ವರ್ಷ. ಅವರು ನಡೆಯುತ್ತಿದ್ದರು, ಒಂದಷ್ಟು ದೂರ ನಾನೂ ಪಕ್ಕದಲ್ಲಿ ನಡೆದೆ. ಮಾತಾಡಲಿಲ್ಲ. ನನ್ನ ಬೆನ್ನಿನ ಮೇಲೆ ಚಿಕ್ಕಪ್ಪನ ಮಗನ ಹೆಸರು ಕನ್ನಡ ಅಕ್ಷರದಲ್ಲಿತ್ತು. ಓದಲು ಬಾರದಿದ್ದರೂ ಅವರಿಗೆ ಅರ್ಥವಾಗಿತ್ತು.

ಐದು ಗಂಟೆ ಇಪ್ಪತ್ತೆರಡು ನಿಮಿಷಕ್ಕೆ ಮುಗಿಸಿದೆ. ಒಟ್ಟು ಕೂಡಿದ್ದು 2,360 ಪೌಂಡ್, ಐವತ್ತೊಂಬತ್ತು ಹೆಸರು.

ಆದರೆ ಹಣ ಒಂದರಿಂದಲೇ ನೀಗುವ ಕೊರತೆಯಲ್ಲ ಇದು. ಬ್ರಿಟನ್ನಿನಲ್ಲಿ ಉತ್ತರ ಯುರೋಪ್ ಮೂಲದ ಬಿಳಿಯ ರೋಗಿಗೆ ಅತ್ಯುತ್ತಮವಾಗಿ ಹೊಂದುವ ದಾನಿ ಸಿಗುವ ಸಾಧ್ಯತೆ ಶೇ 72. ನಮ್ಮಂಥ ಬೇರೆ ಮೂಲದವರಿಗೆ ಶೇ 37. ಎಚ್‌ಎಲ್‌ಎ ಗುರುತು ವಂಶದ ಜೊತೆ ಬರುವುದರಿಂದ ನಮ್ಮವರಿಗೆ ಹೊಂದುವವರು ಹೆಚ್ಚಾಗಿ ನಮ್ಮವರಲ್ಲೇ ಸಿಗಬೇಕು. ಲಂಡನ್ನಿನ ಕನ್ನಡದ ಹುಡುಗಿಗೆ ಬೇಕಾದ ಆಕರಕೋಶ ತಿಪಟೂರಿನ ಯಾರದೋ ಮೈಯಲ್ಲಿರಬಹುದು.

ಅಮ್ಮ ಆ ವರ್ಷದ ಶ್ರಾವಣದಲ್ಲಿ ನನ್ನ ಹೆಸರಲ್ಲಿ 501 ರೂಪಾಯಿ ಅರಿಸಿನದ ಬಟ್ಟೆಗೆ ಕಟ್ಟಿಟ್ಟಿದ್ದರು. ಅದನ್ನು ಲಂಡನ್ನಿಗೆ ಕಳಿಸುವುದು ಬೇಡ, ಅಣ್ಣನಿಗೆ ಹೇಳಿ ದಾನಿಗಳ ಪಟ್ಟಿಗೆ ಹೆಸರು ಬರೆಸು ಅಂದೆ. ಅಣ್ಣ ಬರೆಸಿದ. ಬೆಂಗಳೂರಿನಲ್ಲಿ ಡಿಕೆಎಂಎಸ್ ಫೌಂಡೇಷನ್ ಇಂಡಿಯಾ ಎಂಬ ಸಂಸ್ಥೆ ಈ ಕೆಲಸ ಮಾಡುತ್ತದೆ. 18ರಿಂದ 55 ವರ್ಷದೊಳಗಿನ ಆರೋಗ್ಯವಂತರು ಸೇರಬಹುದು. ಕೆನ್ನೆಯ ಒಳಭಾಗಕ್ಕೆ ಹತ್ತಿಕಡ್ಡಿ ಸವರಿ ಕೊಡುವುದು ಅಷ್ಟೇ, ಸೂಜಿ ಇಲ್ಲ. ಮುಂದೆ ಯಾರಿಗಾದರೂ ಹೊಂದಿದರೆ, ಬಹುತೇಕ ಸಂದರ್ಭದಲ್ಲಿ ಕೆಲವು ದಿನ ಇಂಜೆಕ್ಷನ್ ಕೊಟ್ಟು, ತೋಳಿನ ರಕ್ತದಿಂದಲೇ ಆಕರಕೋಶ ತೆಗೆಯುತ್ತಾರೆ. ನಿಮಗೆ ಓಡಲು ಆಗದಿರಬಹುದು, ಕೊಡಲು ಹಣ ಇಲ್ಲದಿರಬಹುದು. ಈ ವಾರ ನಿಮ್ಮ ಹೆಸರೊಂದನ್ನು ಬರೆಸಿ.