ಆರ್ಗೋ ತೇಲುಮಾಪಕಗಳ ಆಮ್ಲಜನಕ ದತ್ತಾಂಶ: ಬಳಕೆದಾರರ ಮಾಹಿತಿಗಾಗಿ

ಆರ್ಗೋ ಯೋಜನೆಯ ಸಾಗರ ದತ್ತಾಂಶವು ವಿದ್ಯಾರ್ಥಿಗಳು, ಸಂಶೋಧಕರು ಹಾಗೂ ಸಾರ್ವಜನಿಕರೆಲ್ಲರಿಗೂ ಉಚಿತವಾಗಿ ಲಭ್ಯವಿರುತ್ತದೆ. ಭಾರತದ ತೇಲುಮಾಪಕಗಳ ದತ್ತಾಂಶವನ್ನು ಹೈದರಾಬಾದಿನ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವೆಗಳ ಕೇಂದ್ರವು ನಿರ್ವಹಿಸುತ್ತಿದೆ. ಇದರಲ್ಲಿನ ಆಮ್ಲಜನಕದ ಅಂಕಿಗಳನ್ನು ಬಳಸುವ ಮುನ್ನ ಕೆಳಕಂಡ ಅಂಶಗಳನ್ನು ಗಮನಿಸುವುದು ಅಗತ್ಯ.

ತೇಲುಮಾಪಕ ಎಂದರೇನು?

ಇದು ಸಾಗರದ ಒಳಪ್ರವಾಹದೊಡನೆ ಸುಮಾರು 1000 ಮೀಟರ್ ಆಳದಲ್ಲಿ ಸಾಗುವ ಸ್ವಯಂಚಾಲಿತ ಉಪಕರಣ. ಸಾಮಾನ್ಯವಾಗಿ 10 ದಿನಗಳಿಗೊಮ್ಮೆ 2000 ಮೀಟರ್‌ವರೆಗೆ ಇಳಿದು, ಮೇಲೇರುತ್ತಾ ಉಷ್ಣತೆ ಮತ್ತು ಲವಣಾಂಶವನ್ನು ಅಳೆದು, ಉಪಗ್ರಹದ ಮೂಲಕ ಮಾಹಿತಿ ರವಾನಿಸುತ್ತದೆ. ಕೆಲವು ತೇಲುಮಾಪಕಗಳಲ್ಲಿ ಮಾತ್ರ ಆಮ್ಲಜನಕ ಸಂವೇದಕವಿರುತ್ತದೆ. ಸಮುದ್ರಕ್ಕೆ ಬಿಟ್ಟ ಬಹುಪಾಲು ತೇಲುಮಾಪಕಗಳನ್ನು ಮರಳಿ ತರಲಾಗುವುದಿಲ್ಲ. ಆದ್ದರಿಂದ ಸಂವೇದಕವನ್ನು ಪುನಃ ಪ್ರಯೋಗಾಲಯದಲ್ಲಿ ಪರೀಕ್ಷಿಸುವ ಅವಕಾಶವಿಲ್ಲ.

ದೋಷ ಉಂಟಾಗುವ ಬಗೆ

ಸಂವೇದಕದ ತುದಿಯಲ್ಲಿ ಬಣ್ಣದ್ರವ್ಯ ಲೇಪಿಸಿದ ತೆಳುಪೊರೆಯಿರುತ್ತದೆ. ಅದರ ಮೇಲೆ ನೀಲಿ ಬೆಳಕು ಬಿದ್ದಾಗ ಕೆಂಪು ಹೊಳಪು ಹೊಮ್ಮುತ್ತದೆ. ನೀರಿನಲ್ಲಿ ಆಮ್ಲಜನಕ ಹೆಚ್ಚಿದಷ್ಟೂ ಹೊಳಪು ಬೇಗನೆ ಆರುತ್ತದೆ. ಕಾಲಕ್ರಮೇಣ ಈ ಪೊರೆಯ ಸಂವೇದನೆ ಕುಗ್ಗುತ್ತದೆ. ಉಪಕರಣವು ದಾಸ್ತಾನಿನಲ್ಲಿರುವಾಗಲೇ ವರ್ಷಕ್ಕೆ ಶೇಕಡಾ ಕೆಲವು ಅಂಶದಷ್ಟು ಕುಗ್ಗುವುದುಂಟು. ಸಮುದ್ರಕ್ಕಿಳಿದ ನಂತರ ಈ ಬದಲಾವಣೆ ನಿಧಾನವಾಗುತ್ತದೆ. ಪರಿಣಾಮವಾಗಿ, ಇರುವುದಕ್ಕಿಂತ ಕಡಿಮೆ ಆಮ್ಲಜನಕ ದಾಖಲಾಗುತ್ತದೆ.

ಗಾಳಿಯ ಮೂಲಕ ಮಾಪನಾಂಕ ನಿರ್ಣಯ

ಒಣ ಗಾಳಿಯಲ್ಲಿ ಆಮ್ಲಜನಕದ ಪ್ರಮಾಣ ಎಲ್ಲೆಡೆಯೂ ಶೇ. 20.95ರಷ್ಟಿರುತ್ತದೆ. ತೇಲುಮಾಪಕವು ಮೇಲೆ ಬಂದಾಗ, ನೀರಿನಿಂದ ಹೊರಚಾಚಿರುವ ಸಂವೇದಕವು ಗಾಳಿಯನ್ನೂ ಅಳೆಯುತ್ತದೆ. ವಾಯುಭಾರ ಹಾಗೂ ನೀರಾವಿಯ ಲೆಕ್ಕದಂತೆ ಅಲ್ಲಿ ಬರಬೇಕಾದ ಆಮ್ಲಜನಕದ ಒತ್ತಡ ತಿಳಿದಿರುತ್ತದೆ. ಉದಾಹರಣೆಗೆ, 205 ಹೆಕ್ಟೊಪಾಸ್ಕಲ್ ಬರಬೇಕಾದಲ್ಲಿ ಸಂವೇದಕವು 190 ತೋರಿಸಿದರೆ, ತಿದ್ದುಪಡಿಯ ಗುಣಕ ಸುಮಾರು 1.08 ಆಗುತ್ತದೆ. ಆ ಸಂವೇದಕದ ಅಂಕಿಗಳನ್ನು ಇದರಿಂದ ಗುಣಿಸಲಾಗುತ್ತದೆ. ಲವಣಾಂಶ ಮತ್ತು ಆಳದ ಒತ್ತಡಕ್ಕೆ ಪ್ರತ್ಯೇಕ ತಿದ್ದುಪಡಿಗಳಿವೆ. ಗಾಳಿಯನ್ನು ಅಳೆಯದ ಉಪಕರಣಗಳಿಗೆ ಹಿಂದಿನ ಹಡಗು ಮಾಪನಗಳ ಸರಾಸರಿಯನ್ನು ಆಧಾರವಾಗಿ ಬಳಸಲಾಗುತ್ತದೆ.

ಇದು ಏಕೆ ಮುಖ್ಯ?

1960ರಿಂದ 2010ರವರೆಗೆ ಜಗತ್ತಿನ ಸಾಗರಗಳು ಕಳೆದುಕೊಂಡ ಆಮ್ಲಜನಕ ಸುಮಾರು ಶೇ. 2 ಎಂದು ಅಂದಾಜಿಸಲಾಗಿದೆ. ತಿದ್ದದ ಸಂವೇದಕದ ದೋಷವು ಇದಕ್ಕಿಂತ ಅಧಿಕವಾಗಿರಬಹುದು. ಅರಬ್ಬೀ ಸಮುದ್ರದ ಮಧ್ಯಮ ಆಳದಲ್ಲಿ ಆಮ್ಲಜನಕ ಅತ್ಯಲ್ಪವಾಗಿದ್ದು, ನೈಋತ್ಯ ಮುಂಗಾರಿನ ಅವಧಿಯಲ್ಲಿ ಇಂತಹ ನೀರು ಕರ್ನಾಟಕವೂ ಸೇರಿದಂತೆ ಪಶ್ಚಿಮ ಕರಾವಳಿಯ ಸಮೀಪಕ್ಕೆ ಮೇಲೇರುತ್ತದೆ. ಮೀನುಗಳ ಇರುವಿಕೆಗೆ ಸಂಬಂಧಿಸಿದ ಈ ವಿಷಯದಲ್ಲಿ ಉಪಕರಣದ ದೋಷವನ್ನು ಸಮುದ್ರದ ಬದಲಾವಣೆಯೆಂದು ಭಾವಿಸುವಂತಾಗಬಾರದು.

ಬಳಕೆದಾರರು ಗಮನಿಸಬೇಕಾದ ಅಂಶಗಳು

1. 'ಆರ್' ಗುರುತಿನ ದತ್ತಾಂಶವು ತಿದ್ದುಪಡಿಯಾಗದ ತತ್‌ಕ್ಷಣದ ದತ್ತಾಂಶ. ಇದನ್ನು ಕರಡು ಲೆಕ್ಕವೆಂದು ಪರಿಗಣಿಸತಕ್ಕದ್ದು.
2. 'ಎ' ಗುರುತಿನದು ಸ್ವಯಂಚಾಲಿತವಾಗಿ ತಿದ್ದಿದ ದತ್ತಾಂಶ.
3. 'ಡಿ' ಗುರುತಿನದು ತಜ್ಞರು ಪರಿಶೀಲಿಸಿದ ದತ್ತಾಂಶ. ಲೆಕ್ಕಪರಿಶೋಧನೆಯಾದ ಲೆಕ್ಕದಂತಿರುವ ಇದನ್ನೇ ಅಧ್ಯಯನ ವರದಿಗಳಿಗೆ ಬಳಸುವುದು ಸೂಕ್ತ.
4. ಗುಣಮಟ್ಟದ ಸಂಕೇತ 1 ಉತ್ತಮ ಹಾಗೂ 4 ದೋಷಯುಕ್ತ ಎಂದು ಸೂಚಿಸುತ್ತದೆ.
5. ತಿದ್ದುಪಡಿಗಳು ಮುಂದೆ ಪರಿಷ್ಕರಣೆಯಾಗುವ ಸಾಧ್ಯತೆ ಇರುವುದರಿಂದ, ದತ್ತಾಂಶ ಪಡೆದ ದಿನಾಂಕವನ್ನು ವರದಿಯಲ್ಲಿ ತಪ್ಪದೆ ನಮೂದಿಸತಕ್ಕದ್ದು.